ಸೀಬೆ ತಿಂದದ್ದು ಗಿಳಿ

ನಾನು ಚಿಕ್ಕವನಿದ್ದಾಗ ಹೇಳಿದ ಒಂದು ಸುಳ್ಳನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ, ಮಕ್ಕಳೇ.

ಅಬ್ಬಿಗೆರೆಯಲ್ಲಿ ನಮ್ಮದೊಂದು ಸೀಬೆ ತೋಟವಿತ್ತು. ರಜೆಯ ದಿನ ತಗಡಿನ ಡಬ್ಬ ಬಡಿದು ಗಿಳಿ ಓಡಿಸುವುದು ನನ್ನ ಕೆಲಸ. ಅವತ್ತು ಹೊಟ್ಟೆ ಬಿರಿಯ ಮುದ್ದೆ ಉಂಡು ಬಂದವನು ನೆರಳಿನಲ್ಲಿ ಹಾಗೇ ಗೊರಕೆ ಹೊಡೆದೆ. ಕಣ್ಣು ಬಿಟ್ಟಾಗ ಗಿಳಿಗಳ ಹಿಂಡು ಕೀ ಕೀ ಎಂದು ಹಾರಿಹೋಯಿತು. ನೆಲದ ತುಂಬ ಕಚ್ಚಿ ಬಿಸಾಕಿದ ಸೀಬೆಕಾಯಿ, ಮೂಗಿಗೆ ಒಗರು ವಾಸನೆ. ಅಷ್ಟರಲ್ಲಿ ಅಪ್ಪ ಬಂದ.

"ಇದನ್ನೆಲ್ಲ ತಿಂದಿದ್ದು ಯಾವ್ದೋ?"

"ರಾತ್ರಿ ಬಾವಲಿ ತಿಂದಿರ್ಬೇಕಪ್ಪ," ಅಂದುಬಿಟ್ಟೆ.

ತೋಟದಂಚಿನ ಗೋಣಿಮರದಲ್ಲಿ ನೂರಾರು ಬಾವಲಿಗಳು ತಲೆಕೆಳಗಾಗಿ ತೂಗುತ್ತಿದ್ದವು. ನಮ್ಮೂರಿಗೆ ಗಿಳಿ ಎಂದರೆ ಮುದ್ದು, ಬಾವಲಿ ಎಂದರೆ ಅಪಶಕುನ. ಯಾಕೆ ಸ್ವಾಮಿ? ಗಿಳಿ ಕಾಯಿಯನ್ನೂ ಬಿಡದೆ ಕಚ್ಚಿ ಎಸೆಯುತ್ತದೆ. ಬಾವಲಿಗೆ ಮೆತ್ತಗಿನ ಹಣ್ಣೇ ಬೇಕು, ರಸ ಹೀರಿ ಹಿಪ್ಪೆ ಉಗಿಯುತ್ತದೆ. ಬಿದ್ದಿದ್ದದ್ದು ಬರೀ ಕಾಯಿ! ಕಣ್ಣಿದ್ದವರು ಯಾರಾದರೂ ಹೇಳಬಹುದಿತ್ತು.

ಮಧ್ಯಾಹ್ನವೇ ಅಪ್ಪ ಮರ ಕಡಿಯುವವರನ್ನು ಕರೆತಂದ. ಮೊದಲ ಕೊಡಲಿಯೇಟು ಬೀಳುತ್ತಲೇ ನಾನು ಓಡಿಹೋಗಿ ಅಪ್ಪನ ಕೈ ಹಿಡಿದೆ.

"ಅಪ್ಪಾ, ನಾನು ನಿದ್ದೆ ಮಾಡ್ಬಿಟ್ಟಿದ್ದೆ! ತಿಂದಿದ್ದು ಗಿಳಿ!"

ಅಪ್ಪ ಕೆನ್ನೆಗೊಂದು ಬಿಟ್ಟ. "ಯಾವ್ದಾದ್ರೇನು? ಈ ದರಿದ್ರ ಇದ್ದು ಏನಾಗ್ಬೇಕು? ಕಡೀರೋ!"

ಮರ ಉರುಳಿತು. ಬಾವಲಿಗಳು ಬಿಸಿಲಿಗೆ ಕಂಗೆಟ್ಟು ಕಿರುಚುತ್ತ ಎದ್ದವು. ಒಂದು ತಾಯಿ ನಮ್ಮ ಮುಂದೆಯೇ ಬಿದ್ದು ಸತ್ತಿತು. ಎದೆಗೆ ಅಂಟಿಕೊಂಡಿದ್ದ ಮರಿ ಇನ್ನೂ ಹಾಲು ಚೀಪುತ್ತಿತ್ತು. ಗಿಳಿಯಂತೆ ಮೊಟ್ಟೆಯಿಡದೆ, ನಮ್ಮನೆ ಹಸುವಿನ ಹಾಗೆ ಮರಿ ಹಾಕಿ ಹಾಲೂಡಿಸುವ ಜೀವ ಅದೆಂದು ನನಗೆ ಗೊತ್ತಾದದ್ದೇ ಆಗ. ಕೊಡಲಿ ಸದ್ದಿಗೆ ಓಡಿಬಂದಿದ್ದ ನನ್ನ ಅಕ್ಕ ಅಳುತ್ತ, "ನೀನೇ ಕಣೋ ಮಾಡಿದ್ದು," ಅಂದಳು. ಅಪ್ಪನ ಮೇಲೂ ನನ್ನ ಮೇಲೂ ಅವತ್ತು ಬಂದ ಸಿಟ್ಟು ಇನ್ನೂ ಇಳಿದಿಲ್ಲ.

ಸಹಕಾರನಗರದ ಈ ಫ್ಲಾಟಿನಲ್ಲಿ ನಿಮಗೆ ಸೀಬೆ ಹೋಳು ತಟ್ಟೆಗೇ ಬರುತ್ತದೆ. ಕಾವಲು ಕೂರುವ ಕಷ್ಟವಿಲ್ಲ, ಒಳ್ಳೆಯದೇ ಆಯಿತು. ಆದರೆ ಮೊನ್ನೆ ನಮ್ಮ ಬಿಲ್ಡಿಂಗಿನವರು, ಬಾವಲಿಗಳು ಕಾರು ಹೊಲಸು ಮಾಡುತ್ತವೆ, ಪಾರ್ಕಿನ ಮರ ಕಡಿಸಬೇಕೆಂದು ಕಾಗದ ಹಿಡಿದು ಬಂದರಲ್ಲ, ನಾನು ಅದನ್ನು ಹರಿದು ಹಾಕಿದೆ.

"ಯಾಕಂಕಲ್ ಇಷ್ಟು ಕೋಪ? ಒಂದು ಸಹಿ ತಾನೇ?" ಅಂದ ಕಾಗದ ತಂದವರಲ್ಲೊಬ್ಬ.

"ಕಾರು ಹೊಲಸು ಮಾಡಿದ್ದು ಪಾರಿವಾಳ ಕಣ್ರೀ! ಬಾಲ್ಕನಿಯಿಂದ ನಾನೇ ನೋಡಿದೀನಿ. ಪಾರಿವಾಳ ಮಾಡಿದ್ದು ಅಂತ ಬರ್ಕೊಂಡು ಬನ್ನಿ, ಸಹಿ ಹಾಕ್ತೀನಿ."