ಆರನೇ ಪುಟದ ಪ್ರಶ್ನೆ

ಅಮೆರಿಕದ ರೆಡ್ಮಂಡ್‌ನ ಸಾಫ್ಟ್‌ವೇರ್ ಕಂಪನಿಯಲ್ಲಿ ಎಲ್ಲರೂ ಕೋಡ್ ಬರೆದು ಹೆಸರು ಮಾಡಿದರೆ ಮೆಹರುನ್ನೀಸಾ ಅಳಿಸಿ ಹೆಸರು ಮಾಡಿದರು. ಇಪ್ಪತ್ತೆರಡು ವರ್ಷದ ನೌಕರಿ. ಯಾರೋ ಎಂದೋ ಬರೆದಿಟ್ಟು ಹೋಗಿ, ಈಗ ಯಾರಿಗೂ ಅರ್ಥವಾಗದೆ ಎಲ್ಲರೂ ಮುಟ್ಟಲು ಹೆದರುವ ಕೋಡನ್ನು ಕಂಡರೆ ಅವರ ಕೈ ತುರಿಸುತ್ತಿತ್ತು. ಮೀಟಿಂಗಿನಲ್ಲಿ ಅವರು ಕನ್ನಡಕವನ್ನು ಹಣೆಗೇರಿಸಿದರೆಂದರೆ ಏನೋ ಒಂದು ಕಿತ್ತುಹೋಗುವುದು ಖಚಿತ ಎಂದು ಜೊತೆಯವರಿಗೆ ಗೊತ್ತಿತ್ತು. ಮನೆಯಲ್ಲೂ ಅಷ್ಟೇ. ಗಂಡ ಜಫರುಲ್ಲಾ ಒತ್ತುವ ಗುಂಡಿಗಳಿರುವ ಯಾವ ಹೊಸ ಸಾಮಾನು ತಂದರೂ ಮೂರು ದಿನ ಬಿಟ್ಟು ಅದು ಅಂಗಡಿಗೆ ವಾಪಸು ಹೋಗುತ್ತಿತ್ತು.

ಅವರಿದ್ದದ್ದು ಹತ್ತಿರದ ಊರಾದ ಡುವಾಲ್‌ನ ಗುಡ್ಡದ ಮೇಲೆ, ನಲವತ್ತೊಂದು ಮನೆಗಳ ಒಂದು ಬೀದಿಯಲ್ಲಿ. ಕೆಳಗೆ ಕಣಿವೆಯಲ್ಲಿ ಹೊಳೆ ಉಕ್ಕಿದರೆ ರಸ್ತೆ ಮುಚ್ಚುತ್ತದೆ, ಗಾಳಿ ಎದ್ದರೆ ಮರ ಬಿದ್ದು ಕರೆಂಟ್ ಹೋಗುತ್ತದೆ. ಹೊರಗಿನಿಂದ ಯಾರಾದರೂ ಬರುವ ತನಕ ಬೀದಿಯವರು ಬೀದಿಯವರನ್ನೇ ನೋಡಿಕೊಳ್ಳಬೇಕು. ಆ ವರ್ಷ ಬೇಸಿಗೆಯ ಕೊನೆಗೆ ಅದಕ್ಕೊಂದು ವ್ಯವಸ್ಥೆ ಮಾಡೋಣವೆಂದು ಎಲ್ಲರೂ ಮೆಹರುನ್ನೀಸಾ ಅವರ ಗ್ಯಾರೇಜಿನಲ್ಲಿ ಸೇರಿದರು.

ಎದುರುಮನೆಯ ವಿಶ್ವಾಸ್ ಒಂದು ಆ್ಯಪ್ ಬರೆದು ತಂದಿದ್ದ. ಬೆಂಗಳೂರಿನ ಹುಡುಗ, ಕೆಲಸದಲ್ಲಿ ಚುರುಕು. ಮೂರು ವಾರಾಂತ್ಯ ಕೂತು ಬರೆದದ್ದು ಪ್ರೊಜೆಕ್ಟರಿನಿಂದ ಗೋಡೆಯ ಮೇಲೆ ಮೂಡಿತು: ಲಾಗಿನ್, ನಕ್ಷೆ, ಮನೆಮನೆಗೂ ಬಣ್ಣದ ಚುಕ್ಕೆ, ಯಾರಿಗೆ ಏನು ಬೇಕೆಂಬ ಪಟ್ಟಿ. ಜನ ತಲೆದೂಗಿದರು. ಮೆಹರುನ್ನೀಸಾ ಕನ್ನಡಕವನ್ನು ಹಣೆಗೇರಿಸಿದರು.

"ಚೆನ್ನಾಗಿದೆ ವಿಶ್ವಾಸ್. ಕರೆಂಟ್ ಹೋದ್ರೆ?"

"ಫೋನಲ್ಲಿ ಚಾರ್ಜ್ ಇರುತ್ತಲ್ಲ ಆಂಟಿ."

"ಟವರಲ್ಲಿ?"

ವಿಶ್ವಾಸ್ ಗೋಡೆಯ ಮೇಲಿನ ನಕ್ಷೆಯನ್ನು ಆರಿಸಿದ.

ಮೆಹರುನ್ನೀಸಾ ಅವರ ಯೋಜನೆಗೆ ಎರಡು ರಟ್ಟು ಸಾಕಿತ್ತು. ಮನೆಯಲ್ಲಿ ಎಲ್ಲ ಸರಿಯಿದ್ದರೆ ಬೀದಿ ಕಡೆಯ ಕಿಟಕಿಗೆ ಹಸಿರು ರಟ್ಟು, ತೊಂದರೆಯಿದ್ದರೆ ಕೆಂಪು. ಒಬ್ಬೊಬ್ಬರು ನಾಲ್ಕು ನಾಲ್ಕು ಮನೆ ನೋಡಿಕೊಂಡು ಬರಬೇಕು. ಬೀದಿ ಒಪ್ಪಿತು. ವಿಶ್ವಾಸ್ ಲ್ಯಾಪ್‌ಟಾಪ್ ಮಡಚಿಕೊಂಡು ಮನೆಗೆ ಹೋದ.

ಇನ್ನು ಉಳಿದದ್ದು ಫಾರಂ. ಕಣಿವೆಯ ತುರ್ತು ಸಹಾಯ ಕಚೇರಿಯವರು ಇಂಥ ಬೀದಿಗಳಿಗೆಂದು ಒಂಬತ್ತು ಪುಟದ ಫಾರಂ ಇಟ್ಟಿದ್ದರು. ಫ್ಯಾಕ್ಸ್ ನಂಬರ್ ಏನು, ಮನೆಗೆ ಎಷ್ಟು ಬಾಗಿಲು, ಕುದುರೆ ಸಾಕಿದ್ದೀರಾ ಎಂಬಲ್ಲಿಯವರೆಗೆ ನಲವತ್ತನಾಲ್ಕು ಪ್ರಶ್ನೆ. ಕುದುರೆಯ ಪ್ರಶ್ನೆ ಓದಿ ಮೆಹರುನ್ನೀಸಾ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಒಂದೇ ಸಂಜೆಯಲ್ಲಿ ಅದನ್ನು ಒಂದು ಪುಟಕ್ಕಿಳಿಸಿದರು. ಮನೆಯಲ್ಲಿ ಎಷ್ಟು ಜನ, ಫೋನ್ ನಂಬರ್ ಏನು, ಯಾವ ಬಾಗಿಲು ತಟ್ಟಬೇಕು. ಮೂರೇ ಪ್ರಶ್ನೆ. ಎರಡು ದಿನದಲ್ಲಿ ನಲವತ್ತೊಂದೂ ಮನೆಯವರು ತುಂಬಿ ಕೊಟ್ಟರು. ಅಷ್ಟು ಬೇಗ ಯಾವ ಬೀದಿಯೂ ಕೊಟ್ಟಿರಲಿಲ್ಲ.

ಅಕ್ಟೋಬರಿನ ಒಂದು ಶನಿವಾರ ಬೆಳಿಗ್ಗೆ ಪರೀಕ್ಷೆ ನಡೆಯಿತು. ಹತ್ತು ಗಂಟೆಗೆ ಎಲ್ಲರೂ ತಮ್ಮ ತಮ್ಮ ಮನೆಯ ಮೇನ್ ಸ್ವಿಚ್ ಆರಿಸಿದರು. ಅರ್ಧ ಗಂಟೆಯೊಳಗೆ ನಲವತ್ತೊಂದು ಕಿಟಕಿಯಲ್ಲೂ ಹಸಿರು ಕಾಣಿಸಿತು. ಮೆಹರುನ್ನೀಸಾ ಹಿಗ್ಗಿನಿಂದ ಬೀದಿಯ ಉದ್ದಕ್ಕೂ ನಡೆದು ಬಂದರು. ವಿಶ್ವಾಸ್ ಮನೆಯ ಕಿಟಕಿಯಲ್ಲೂ ಹಸಿರು ರಟ್ಟಿತ್ತು. ಒಳಗೆ ಅವನ ತಂದೆ ದ್ವಾರಕಾನಾಥ ಅವರಿರುತ್ತಾರೆ, ಎರಡು ಮಾತಾಡಿಕೊಂಡು ಹೋಗೋಣವೆಂದು ಬಾಗಿಲು ತಳ್ಳಿದರು.

ಎಪ್ಪತ್ತಾರರ ದ್ವಾರಕಾನಾಥ ಸೋಫಾದ ಅಂಚಿನಲ್ಲಿ ಮುಂದಕ್ಕೆ ಬಾಗಿ ಕೂತಿದ್ದರು. ಮೂಗಿನಲ್ಲಿ ಪ್ಲಾಸ್ಟಿಕ್ ನಳಿಗೆ, ತುಟಿ ನೀಲಿ. ಪಕ್ಕದ ಆಕ್ಸಿಜನ್ ಮೆಷಿನ್ ಸದ್ದಿಲ್ಲದೆ ನಿಂತಿತ್ತು. ಮೂಲೆಯಲ್ಲಿ ಸಿಲಿಂಡರ್ ಇತ್ತು, ಅದನ್ನು ತಿರುಗಿಸಿ ತೆರೆಯುವ ಕೀಲಿ ಅವರ ಕೈಯಲ್ಲೇ ಇತ್ತು, ಎದ್ದು ಅಲ್ಲಿಯವರೆಗೆ ಹೋಗಲು ಆಗಿರಲಿಲ್ಲ.

ಮೆಹರುನ್ನೀಸಾ ಆ ಮನೆಯ ಗ್ಯಾರೇಜಿಗೆ ಓಡಿ ಮೇನ್ ಸ್ವಿಚ್ ಎತ್ತಿದರು. ಮೆಷಿನ್ ಗುರುಗುಟ್ಟಿತು. ಐದು ನಿಮಿಷ ಅವರ ಬೆನ್ನು ಸವರುತ್ತ ಕೂತರು.

"ಅಂಕಲ್, ಕೆಂಪು ರಟ್ಟು ಯಾಕೆ ಹಾಕ್ಲಿಲ್ಲ?"

ಮುದುಕರು ಉಸಿರು ಕೂಡಿಸಿಕೊಂಡು ನಕ್ಕರು. "ಶುರುವಲ್ಲಿ ಚೆನ್ನಾಗೇ ಇದ್ನಮ್ಮ, ಹಸಿರು ಹಾಕ್ದೆ. ಆಮೇಲೆ ಎದ್ದು ಬದಲಾಯ್ಸಕ್ಕೆ ಆಗ್ಲಿಲ್ಲ. ನನ್ನಿಂದ ನಿಮ್ಮ ಪರೀಕ್ಷೆ ಫೇಲಾಗೋದೂ ಬೇಡ ಅನ್ನಿಸ್ತು."

ಅಷ್ಟರಲ್ಲಿ ವಿಶ್ವಾಸ್ ಓಡಿಬಂದ. ಮೆಷಿನ್ನಿನ ಬ್ಯಾಟರಿ ಒಂದು ಗಂಟೆ ಬರುತ್ತದೆಂದು ನಂಬಿ ತನ್ನ ಪಾಲಿನ ನಾಲ್ಕು ಮನೆ ನೋಡಲು ಹೋಗಿದ್ದ. ಅದು ಕಾಲು ಗಂಟೆಗೇ ಮುಗಿದಿತ್ತು. ಅಪ್ಪನ ಮುಖ ನೋಡಿ ಅವನಿಗೆ ಅಳು, ಸಿಟ್ಟು ಎರಡೂ ಒಟ್ಟಿಗೆ ಬಂದವು.

"ಕರೆಂಟಿಲ್ದೆ ಆಗದೆ ಇರೋ ಮೆಡಿಕಲ್ ಮೆಷಿನ್ ಇದೆಯಾ ಅಂತ ಆ ಫಾರಂನ ಆರನೇ ಪುಟದಲ್ಲಿ ಕೇಳಿದ್ರು ಆಂಟಿ. ಅದನ್ನ ತೆಗೆದದ್ದು ನೀವೇ."

ನಿಜವಾಗಿತ್ತು. ಮೆಹರುನ್ನೀಸಾ ಸಮಜಾಯಿಷಿ ಹೇಳಲು ಹೋಗಲಿಲ್ಲ. "ತಪ್ಪಾಯ್ತಪ್ಪ," ಎಂದರು. ಮನೆಗೆ ಬಂದು ಒಂಬತ್ತು ಪುಟಗಳನ್ನೂ ಊಟದ ಮೇಜಿನ ಮೇಲೆ ಹರಡಿದರು. ಆ ಪ್ರಶ್ನೆಯ ಮೇಲೆ ತಾವೇ ಎಳೆದ ಗೀಟು ನೇರವಾಗಿತ್ತು, ಒಂದಿಷ್ಟೂ ಅನುಮಾನವಿಲ್ಲದ ಗೀಟು. ಹಾಗೆಂದು ಒಂಬತ್ತು ಪುಟಕ್ಕೇ ಮರಳಲು ಮನಸ್ಸು ಒಪ್ಪಲಿಲ್ಲ. ಅಷ್ಟುದ್ದದ ಫಾರಮನ್ನು ಬೀದಿಯಲ್ಲಿ ಅರ್ಧ ಜನ ತುಂಬುವುದೇ ಇಲ್ಲ, ತುಂಬದ ಫಾರಂ ಯಾರ ಪ್ರಾಣವನ್ನೂ ಉಳಿಸುವುದಿಲ್ಲ.

ಸೋಮವಾರ ರಜೆ ಹಾಕಿ ತುರ್ತು ಸಹಾಯ ಕಚೇರಿಗೆ ಹೋದರು. ಅಲ್ಲಿ ಹತ್ತೊಂಬತ್ತು ವರ್ಷದಿಂದಿದ್ದ ಲೊರೇನ್ ಎಂಬಾಕೆಯ ಎದುರು ಕೂತು, ಒಂದೊಂದೇ ಪ್ರಶ್ನೆ ತೋರಿಸಿ ಇದು ಯಾಕೆ ಬಂತು ಎಂದು ಕೇಳಿದರು. ಇಷ್ಟು ವರ್ಷದಲ್ಲಿ ಹೀಗೆ ಕೇಳಿದವರೇ ಇರಲಿಲ್ಲವಂತೆ. ಲೊರೇನ್ ಬಾಗಿಲು ಮುಚ್ಚಿ ಎರಡು ಲೋಟ ಕಾಫಿ ತರಿಸಿದಳು. ಕುದುರೆಯ ಪ್ರಶ್ನೆಯ ಹಿಂದೆ ಒಬ್ಬ ಹೆಂಗಸಿದ್ದಳು. ಪ್ರವಾಹದ ದಿನ ಎರಡು ಕುದುರೆ ಬಿಟ್ಟು ಬರುವುದಿಲ್ಲವೆಂದು ಹಟ ಹಿಡಿದವಳನ್ನು ಕರೆತರಲು ದೋಣಿ ಮೂರು ಸಲ ಹೋಗಿಬರಬೇಕಾಯಿತು. ಬಾಗಿಲು ಎಷ್ಟು ಎಂಬುದರ ಹಿಂದೆ ಮರ ಬಿದ್ದು ಮುಂಬಾಗಿಲು ಮುಚ್ಚಿಹೋದ ಒಂದು ಮನೆಯಿತ್ತು. ಫ್ಯಾಕ್ಸ್ ನಂಬರಿನ ಹಿಂದೆ ಏನೂ ಇರಲಿಲ್ಲ. ಸುಮಾರು ಹದಿನೈದು ಪ್ರಶ್ನೆಗಳಿಗೆ ಲೊರೇನ್ ಬಳಿಯೂ ಉತ್ತರವಿಲ್ಲ, ಎಷ್ಟೋ ಪ್ರಶ್ನೆಗಳು ಒಂದನ್ನೇ ಎರಡೆರಡು ಸಲ ಕೇಳುತ್ತಿದ್ದವು. ಸಂಜೆ ಹೊತ್ತಿಗೆ ಕುದುರೆಯದೂ ಸೇರಿ ಹನ್ನೊಂದು ಪ್ರಶ್ನೆ ಉಳಿದವು. ಎರಡು ಪುಟ. ಮೆಷಿನ್ನಿನ ಪ್ರಶ್ನೆ ಎಲ್ಲಕ್ಕಿಂತ ಮೇಲೆ ಹೋಯಿತು.

ಅಲ್ಲಿಂದ ನೇರವಾಗಿ ವಿಶ್ವಾಸ್ ಮನೆ ಬಾಗಿಲು ತಟ್ಟಿದರು.

"ನಿನ್ನ ಆ್ಯಪ್ ಬೇಕು ಕಣಪ್ಪ."

"ಟವರ್ ಇಲ್ದೆ ನಡೆಯಲ್ಲ ಅಂದ್ರಲ್ಲ."

"ಗಾಳಿ ಬಂದ ದಿನಕ್ಕಲ್ಲ, ಅದಕ್ಕೆ ಮುಂಚೆ ಬೇಕು. ಯಾರ ಸಿಲಿಂಡರ್ ತುಂಬಿದೆ, ಯಾರ ಬ್ಯಾಟರಿ ಸತ್ತಿದೆ, ಯಾರ ಮನೇಲಿ ಜನರೇಟರ್ ಇದೆ, ಇದೆಲ್ಲ ವಾರವಾರ ಬದಲಾಗ್ತಿರುತ್ತೆ. ರಟ್ಟಲ್ಲಿ ಬರೆಯಕ್ಕಾಗಲ್ಲ. ಎಲ್ರೂ ಈ ಎರಡು ಪುಟ ತುಂಬಿಕೊಡ್ಲಿ, ನೀನು ಲೆಕ್ಕ ಇಟ್ಕೋ. ಭಾನುವಾರ ಭಾನುವಾರ ಒಂದು ಹಾಳೆ ಪ್ರಿಂಟ್ ತೆಗೆದು ಮನೆಮನೆಗೆ ಹಾಕೋಣ."

ವಿಶ್ವಾಸ್ ಬಾಗಿಲನ್ನು ಪೂರ್ತಿ ತೆರೆದ. "ಒಳಗೆ ಬನ್ನಿ ಆಂಟಿ, ಅಪ್ಪ ಚಹಾ ಕುಡೀತಿದ್ದಾರೆ," ಎಂದ.

ನವೆಂಬರಿನಲ್ಲಿ ಗಾಳಿ ಎದ್ದಿತು. ಬೆಳಗಾಗುವಷ್ಟರಲ್ಲಿ ದೊಡ್ಡ ಫರ್ ಮರಗಳು ತಂತಿಗಳ ಮೇಲೆ ಅಡ್ಡಬಿದ್ದಿದ್ದವು. ಕರೆಂಟಿಲ್ಲ, ಮಧ್ಯಾಹ್ನಕ್ಕೆ ಫೋನೂ ಸತ್ತಿತು. ಬೀದಿಯವರಿಗೆ ಹೇಳಿಕೊಡುವ ಅಗತ್ಯ ಬೀಳಲಿಲ್ಲ. ಕಿಟಕಿಗಳಲ್ಲಿ ರಟ್ಟು ಮೂಡಿದವು, ಕೈಯಲ್ಲಿ ಆ ವಾರದ ಹಾಳೆಯಿತ್ತು. ಹಾಳೆಯ ಮೊದಲ ಹೆಸರೇ ದ್ವಾರಕಾನಾಥ. ಕರೆಂಟ್ ಹೋದ ಹತ್ತೇ ನಿಮಿಷಕ್ಕೆ ವಿಶ್ವಾಸ್ ಸಿಲಿಂಡರ್ ತಿರುಗಿಸಿದ್ದ. ಬೆಳಿಗ್ಗೆ, ಕರೆಂಟಿನ ವ್ಯವಸ್ಥೆ ಇರುವ ಅಗ್ನಿಶಾಮಕ ಠಾಣೆಗೆ ಕರೆದೊಯ್ಯೋಣವೆಂದರೆ ದಾರಿಗೆ ಮರ ಬಿದ್ದಿತ್ತು. ಹಾಳೆಯಲ್ಲಿ ಎರಡನೇ ದಾರಿಯೂ ಬರೆದಿತ್ತು: ಮೂರು ಮನೆ ಆಚೆ ಜನರೇಟರ್. ಜಫರುಲ್ಲಾ ಮತ್ತು ವಿಶ್ವಾಸ್ ಅವರನ್ನು ಕುರ್ಚಿ ಸಮೇತ ಎತ್ತಿಕೊಂಡು ಹೋದರು. ನಾಲ್ಕು ದಿನ ಮುದುಕರು ಆ ಮನೆಯವರ ಅಗ್ಗಿಷ್ಟಿಕೆಯ ಪಕ್ಕ ಕೂತು, ಮನೆಯೊಡತಿಗೆ ಇಸ್ಪೀಟು ಕಲಿಸಿದರು. ಬೀದಿಯ ತುದಿಯಲ್ಲಿ ಒಂದು ಕೆಂಪು ರಟ್ಟು ಕಂಡಿತು. ಮುಂಬಾಗಿಲಿಗೆ ಮರ ಒರಗಿತ್ತು. ಹಿಂದೆ ಇನ್ನೊಂದು ಬಾಗಿಲಿದೆಯೆಂದು ಹಾಳೆ ಹೇಳಿತು. ಗಂಡಹೆಂಡತಿ ಇಬ್ಬರನ್ನೂ ಅಲ್ಲಿಂದಲೇ ಹೊರಗೆ ಕರೆತಂದರು.

ಐದನೇ ದಿನ ಕರೆಂಟ್ ಬಂದಾಗ ಬೀದಿಯಲ್ಲಿ ಒಬ್ಬರಿಗೂ ಒಂದು ಗೀರೂ ಆಗಿರಲಿಲ್ಲ.

ಲೊರೇನ್ ಆ ಎರಡು ಪುಟವನ್ನು ಕಣಿವೆಗೆಲ್ಲ ಹಂಚಿದಳು. ಈಗ ಆರು ಬೀದಿಯವರು ಮೆಹರುನ್ನೀಸಾ ಅವರನ್ನು ಕರೆಸಿ ಮಾತಾಡಿಸಿದ್ದಾರೆ. ಹೋದ ತಿಂಗಳು ಹೊಳೆಪಕ್ಕದ ಬೀದಿಯಲ್ಲಿ ಒಬ್ಬ ಯುವ ಇಂಜಿನಿಯರ್ ಎದ್ದುನಿಂತು, ಇದನ್ನು ಒಂದೇ ಪುಟಕ್ಕಿಳಿಸಬಹುದು, ಈ ಕುದುರೆಯ ಪ್ರಶ್ನೆ ಯಾಕೆ ಬೇಕು ಎಂದ. ಸಭೆಯಲ್ಲಿ ಕೆಲವರು ನಕ್ಕರು.

ಮೆಹರುನ್ನೀಸಾ ನಗಲಿಲ್ಲ. ಅವನಿಗೊಂದು ಕುರ್ಚಿ ಎಳೆದು ಕೊಟ್ಟು, ದೋಣಿ ಮೂರು ಸಲ ಹೋಗಿಬಂದ ಕತೆಯನ್ನು ಮೊದಲಿನಿಂದ ಹೇಳತೊಡಗಿದರು.