ಬೈರಕೂರಿನ ರಾಷ್ಟ್ರಪತಿ

ನಾನು ಚಿಕ್ಕವಳಿದ್ದಾಗ ಒಂದು ದಿನದ ಮಟ್ಟಿಗೆ ರಾಷ್ಟ್ರಪತಿಯಾಗಿದ್ದೆ ಎಂದರೆ ನೀವು ನಗುತ್ತೀರಿ ಮಕ್ಕಳೇ. ದೇಶಕ್ಕೆ ಮೊದಲ ರಾಷ್ಟ್ರಪತಿ ಬಂದ ಹೊಸತು. ಸರ್ಕಾರ ಹೇಗೆ ನಡೆಯುತ್ತದೆಂದು ಬೈರಕೂರಿನ ನಮ್ಮ ಶಾಲೆಯಲ್ಲಿ ಮೇಷ್ಟ್ರು ಆಡಿಸಿ ತೋರಿಸಿದರು. ಮಕ್ಕಳು ಕೈಯೆತ್ತಿ ಮೂವರು ಮಂತ್ರಿಗಳನ್ನು ಆರಿಸಿದರು. ಅವರಲ್ಲಿ ನಾಲ್ಕನೇ ಕ್ಲಾಸಿನ ನಮ್ಮ ಅಕ್ಕ ಪ್ರಧಾನಿ. ನನ್ನ ಅಕ್ಷರ ದುಂಡಗಿದೆ ಎಂದು ನಾನು ರಾಷ್ಟ್ರಪತಿ. ಮೇಷ್ಟ್ರ ಕುರ್ಚಿಯಲ್ಲಿ ಕೂತರೆ ಕಾಲು ನೆಲಕ್ಕೆ ಎಟುಕುತ್ತಿರಲಿಲ್ಲ.

ಬಾಗಿಲ ಪಕ್ಕ ಕುಡಿಯುವ ನೀರಿನ ದೊಡ್ಡ ಮಡಕೆಯಿತ್ತು. ಊರಾಚೆಯ ಕೇರಿಯಿಂದ ಬರುವ ಮಕ್ಕಳು ಅದನ್ನು ಮುಟ್ಟುವಂತಿರಲಿಲ್ಲ. ಅವರು ಬೊಗಸೆ ಒಡ್ಡಿ ನಿಲ್ಲಬೇಕು, ಬೇರೆಯವರು ಮೇಲಿನಿಂದ ಹೊಯ್ಯಬೇಕು. ಇನ್ನು ಮೇಲೆ ಎಲ್ಲರೂ ತಾವೇ ತೆಗೆದುಕೊಂಡು ಕುಡಿಯಬೇಕೆಂದು ಅಕ್ಕನ ಮಂತ್ರಿಗಳು ಬರೆದುಬಿಟ್ಟರು. ಸಹಿಗೆ ಕಾಗದ ನನ್ನ ಮುಂದೆ ಬಂತು, ಇಂಕಿನ ವಾಸನೆ ಇನ್ನೂ ಹಸಿಯಾಗಿತ್ತು. ಅಪ್ಪನಿಗೆ ಗೊತ್ತಾದರೆ ಏನು ಗತಿ ಎಂದು ಕೈಗೆತ್ತಿಕೊಂಡ ಪೆನ್ನು ಕೆಳಗಿಟ್ಟೆ.

ತೀರ್ಮಾನ ಅಕ್ಕನದು, ಹೆಸರು ನನ್ನದು. ನಾನು ಬೇಡ ಅನ್ನಬಹುದೇ ಎಂದು ಮೇಷ್ಟ್ರನ್ನು ಕೇಳಿದೆ.

ಅವರು ಕನ್ನಡಕ ಒರೆಸುತ್ತ, "ನನಗೂ ಸರಿಯಾಗಿ ಗೊತ್ತಿಲ್ಲ ಕಣಮ್ಮ" ಎಂದರು.

ಮಧ್ಯಾಹ್ನ ಊಟಕ್ಕೆ ಮನೆಗೆ ಹೋದಾಗ ಅಪ್ಪನನ್ನು ಸುತ್ತಿಬಳಸಿ ಕೇಳಿದೆ. ಕಾಗದದಲ್ಲಿ ಏನೇ ಇರಲಿ, ಸಹಿ ಹಾಕಿದವರದೇ ಜವಾಬ್ದಾರಿ ಎಂದರು. ಅವರೆಕಾಳಿನ ಸಾರಿದ್ದರೂ ಅರ್ಧ ಮುದ್ದೆ ಬಿಟ್ಟು ಎದ್ದೆ.

ಶಾಲೆಗೆ ಮರಳಿ, ಇನ್ನೊಂದು ಸಲ ಯೋಚನೆ ಮಾಡಿ ಎಂದು ಕಾಗದ ಹಿಂದಕ್ಕೆ ಕೊಟ್ಟೆ. ಮಂತ್ರಿಗಳು ಹುಣಸೆಮರದ ಕೆಳಗೆ ಕೂತು ಮಾತಾಡಿದರು. ಅಕ್ಕ ಅದೇ ಕಾಗದ ತಂದಳು. ಒಂದಕ್ಷರವೂ ಬದಲಾಗಿರಲಿಲ್ಲ.

"ತೀರ್ಮಾನ ಮಾಡೋಕೆ ಅಂತ ನಮ್ಮನ್ನ ಆರಿಸಿದಾರೆ ಕಣೇ. ನೀನು ಹೆಸರು ಬರಿ, ಸಾಕು" ಎಂದಳು.

ಬರೆದೆ. ಅಕ್ಷರ ಸೊಟ್ಟಗಾಯಿತು. ಕೊನೆಯ ಸಾಲಿನಿಂದ ಕೇರಿಯ ಹುಡುಗಿಯೊಬ್ಬಳು ಎದ್ದು ಬಂದು ಮಡಕೆಗೆ ಲೋಟ ಅದ್ದಿದಳು. ಗಟಗಟ ಕುಡಿದು, ಮತ್ತೊಂದು ಲೋಟ ತುಂಬಿಕೊಂಡಳು. ಅದು ಬಾಯಾರಿಕೆಗಲ್ಲ ಎಂದು ನನಗೂ ತಿಳಿಯಿತು.

ಸಂಜೆ ನಾವು ಹೋಗುವ ಮೊದಲೇ ಸುದ್ದಿ ಮನೆ ಮುಟ್ಟಿತ್ತು. ಅಪ್ಪ ಬೈಯಲಿಲ್ಲ. ಜಗಲಿಯ ಮೇಲೆ ಕೂತು ನನ್ನನ್ನೇ ನೋಡಿ, "ಅದು ನಿನ್ನ ಮನಸ್ಸೋ, ನಿಮ್ಮಕ್ಕನ ಮಾತೋ?" ಎಂದು ಕೇಳಿದರು.

"ಸಹಿ ನಂದೇ" ಎಂದೆ.

ಅಪ್ಪ ಎದ್ದು ಒಳಗೆ ಹೋದರು. ನಮ್ಮಿಬ್ಬರನ್ನೂ ಶಾಲೆ ಬಿಡಿಸುತ್ತಾರೆಂದೇ ಹೆದರಿದ್ದೆವು. ಬೆಳಿಗ್ಗೆ ಶಾಲೆಗೆ ಹೊತ್ತಾಯಿತೆಂದು ಅವರೇ ಎಬ್ಬಿಸಿದರು. ಅದು ಒಪ್ಪಿಗೆಯೋ, ನುಂಗಿಕೊಂಡ ಕೋಪವೋ ನನಗೆ ಇಂದಿಗೂ ಗೊತ್ತಿಲ್ಲ.

ಎಷ್ಟೋ ವರ್ಷಗಳ ಮೇಲೆ ಓದಿದೆ, ಮಂತ್ರಿಗಳ ಮಾತು ಮೀರಬಹುದೇ ಎಂಬ ಗೊಂದಲ ಆ ಮೊದಲ ರಾಷ್ಟ್ರಪತಿಗಳಿಗೂ ಇತ್ತಂತೆ. ಆದರೂ ಮಂತ್ರಿಗಳ ಸಲಹೆಯಂತೆ ನಡೆದರು, ಮುಂದಿನವರಿಗೆ ಅದೇ ದಾರಿಯಾಯಿತು. ನಿಮಗೆ ಇದೆಲ್ಲ ಪಾಠದಲ್ಲೇ ಇದೆ ಮಕ್ಕಳೇ. ತಪ್ಪು ಬರೆದರೆ ಒಂದು ಅಂಕ ಹೋಗುತ್ತದೆ, ಅಷ್ಟೆ. ನಮಗೆ ಹೇಳಿಕೊಡುವವರು ಯಾರೂ ಇರಲಿಲ್ಲ. ದೆಹಲಿಯಲ್ಲಿ ಅವರು, ಬೈರಕೂರಿನಲ್ಲಿ ನಾನು, ಇಬ್ಬರೂ ಅನುಮಾನದಲ್ಲೇ ಸಹಿ ಹಾಕಿದೆವು.