ದಿನಾ ಕ್ಯಾನ್ಸಲ್ ಆಗುತ್ತಿದ್ದ ಅಪಾಯಿಂಟ್‌ಮೆಂಟ್

ಲಿಂಗರಾಜಪುರದ ಒಂದು ಕ್ಲಿನಿಕ್ಕಿಗೆ ನಮ್ಮ ಆಫೀಸು ವೆಬ್‌ಸೈಟ್ ಮಾಡಿಕೊಟ್ಟಿತ್ತು. ಕನ್ನಡ, ತಮಿಳು, ಉರ್ದು, ಇಂಗ್ಲಿಷ್, ಯಾವುದರಲ್ಲಾದರೂ ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳಬಹುದು. ಅದರ ಉರ್ದು ಸಾಲುಗಳನ್ನು ಬರೆದವಳು ನನ್ನ ಪಕ್ಕದ ಸೀಟಿನ ಫಾಯಿಜಾ. ಹೆಸರಿಗೆ ಉರ್ದು, ಅವಳು ಬರೆದದ್ದು ಶಿವಾಜಿನಗರದ ತನ್ನ ಮನೆಯ ಆಡುಮಾತು, ದಖನಿ. "ಪುಸ್ತಕದ ಉರ್ದು ಓದಿದ್ರೆ ನಮ್ಮಮ್ಮಂಗೆ ಜ್ವರ ಜಾಸ್ತಿ ಆಗತ್ತೆ ಕಣೋ ಪ್ರವೀಣ" ಎಂದು ನಗುತ್ತಿದ್ದಳು. ಹೋದ ಮಳೆಗಾಲ ಜ್ವರ ಅವಳಿಗೇ ಬಂತು. ಮಾತ್ರೆ ನುಂಗಿಕೊಂಡೇ ಆಫೀಸಿಗೆ ಬಂದಳು. ಡೆಂಗಿ ಎಂದು ಗೊತ್ತಾಗುವಷ್ಟರಲ್ಲಿ ಕೈಮೀರಿತ್ತು. ಅವಳು ಸತ್ತ ಮೇಲೂ ಸೈಟು ಅವಳ ದನಿಯಲ್ಲೇ ಮಾತಾಡುತ್ತಿತ್ತು. ಆ ಪುಟ ತೆರೆಯಲು ನನಗೇ ಭಯ.

ಈ ವರ್ಷ ಕ್ಲಿನಿಕ್‌ನವರಿಂದ ದೂರು ಬಂತು. ಯಾರೋ ದಿನಾ ಉರ್ದುವಿನಲ್ಲಿ ಬುಕ್ ಮಾಡಿ ತಕ್ಷಣ ಕ್ಯಾನ್ಸಲ್ ಮಾಡುತ್ತಾರೆ, ಆ ನಂಬರ್ ಬ್ಲಾಕ್ ಮಾಡಿ ಎಂದು. ನಮ್ಮ ಮ್ಯಾನೇಜರ್ ಪಂಚಾಕ್ಷರಯ್ಯನವರಿಗೆ ಅಷ್ಟೇ ಬೇಕಿತ್ತು. "ಆ ಉರ್ದು ಪುಟ ಬಳಸೋರೇ ನಾಲ್ಕು ಜನ ರೀ. ಮೂಗಿಗಿಂತ ಮೂಗುತಿ ಭಾರ. ತೆಗೆದು ಮಿಷಿನ್ ಅನುವಾದ ಮಾಡಿದ ಉರ್ದು ಹಾಕ್ಬಿಡಿ." ಮೈ ಉರಿಯಿತು. ನಂಬರ್ ಯಾರದೆಂದು ನೋಡಿದೆ. ಫಾಯಿಜಾಳ ತಾಯಿ ಆಬಿದಾ.

ಮನೆಗೆ ಹೋದಾಗ ಆಕೆ ಬುರ್ಖಾಕ್ಕೆ ಲೇಸ್ ಹೊಲಿಯುತ್ತಿದ್ದರು. ಗಂಡ ಹೋದ ಮೇಲೆ ಮಗಳನ್ನು ಓದಿಸಿದ್ದು ಆ ಹೊಲಿಗೆಯಲ್ಲೇ. ಯಾಕಮ್ಮ ಕ್ಯಾನ್ಸಲ್ ಮಾಡ್ತೀರಿ ಎಂದೆ. ಫೋನಿನಲ್ಲಿ ಕ್ಯಾನ್ಸಲ್ ಒತ್ತಿ, ಮೂಡಿದ ಸಾಲನ್ನು ಓದಿದರು: "ಅಚ್ಛಾ ಹೋಗಯಾ ಕ್ಯಾ ಅಮ್ಮಾ? ಫಿರ್ ಬೀ ಏಕ್ ಬಾರ್ ದಿಖಾಲೇವ್." ವಾಸಿಯಾಯಿತೇನಮ್ಮಾ, ಆದರೂ ಒಂದು ಸಲ ತೋರಿಸಿಕೋ ಅಂತ.

"ಬುಕ್ ಮಾಡಿದ್ರೆ ಟೈಮ್ ಹೇಳಿ ಸುಮ್ನಾಗ್ತಾಳೆ ಬೇಟಾ. ಬರಲ್ಲ ಅಂದ್ರೇನೇ ಹಿಂಗೆ ಕೇಳೋದು."

ಆ ಸಾಲಿನ ಫೋಟೋ ತೆಗೆದು ಪ್ರಿಂಟ್ ಹಾಕಿಸಿ ಕೊಡಲೇ ಎಂದೆ.

"ಫೋಟೋ ಅವಳ್ದೇ ಐತಲ್ಲ. ಅದು ಏನೂ ಕೇಳಲ್ಲ."

ಈ ಸಾಲುಗಳೂ ಹೋದರೆ ಆಕೆ ಮಗಳನ್ನು ಎರಡನೇ ಸಲ ಮಣ್ಣು ಮಾಡಿದಂತೆ.

ಉರ್ದು ತೆಗೆಯುವ ಮೊದಲು ಪಂಚಾಕ್ಷರಯ್ಯನವರಿಗೆ ಹೇಳದೆ ಸೈಟಿನ ನಕಲೊಂದನ್ನು ಮಾಡಿ ಆಕೆಯ ಫೋನಿಗಷ್ಟೇ ಹಾಕಿಕೊಟ್ಟೆ. ಅದರಲ್ಲಿ ಡಾಕ್ಟರಿಲ್ಲ, ಕ್ಲಿನಿಕ್ಕಿಗೆ ಸುದ್ದಿಯೂ ಹೋಗುವುದಿಲ್ಲ. ಬರೀ ಫಾಯಿಜಾಳ ಮಾತು. ದೊಡ್ಡ ಪುಣ್ಯ ಕಟ್ಟಿಕೊಂಡವನಂತೆ ಬೀಗಿದೆ. ಅವಸರದಲ್ಲಿ ಒಂದು ಮರೆತಿದ್ದೆ. ಕಳೆದುಹೋದ ತಾರೀಕುಗಳನ್ನು ಯಾರೂ ಆರಿಸದಂತೆ ತಡೆ ಹಾಕಿರಲಿಲ್ಲ.

ವಾರ ಬಿಟ್ಟು, ಎಲ್ಲ ಸರಿಯಾಗಿ ನಡೆಯುತ್ತಿದೆಯೇ ಎಂದು ನೋಡಿದೆ. ಬುಕ್ಕಿಂಗುಗಳೆಲ್ಲ ಎಂದಿನಂತೆ ಕ್ಯಾನ್ಸಲ್ ಆಗಿದ್ದವು, ಒಂದನ್ನು ಬಿಟ್ಟು. ರೋಗಿಯ ಹೆಸರು ಫಾಯಿಜಾ. ತೊಂದರೆ: ಜ್ವರ, ಇವತ್ತೇ ಶುರು. ತಾರೀಕು ಹೋದ ವರ್ಷದ್ದು, ಅವಳು ಮಾತ್ರೆ ನುಂಗಿ ಆಫೀಸಿಗೆ ಬಂದ ಮೊದಲ ದಿನದ್ದು.

ಅದನ್ನು ಆಕೆ ಕ್ಯಾನ್ಸಲ್ ಮಾಡಿರಲಿಲ್ಲ.